ಬಸುರೋ, ಕಾಯಿಲೆಯೋ

ಮದುವೆಯಾಗಿ ಮೂರು ತಿಂಗಳಿಗೆ ನನ್ನ ಹೊಟ್ಟೆ ಆರು ತಿಂಗಳ ಬಸುರಿಯ ಹೊಟ್ಟೆಯಂತೆ ಕಾಣುತ್ತಿತ್ತು.

ಎಪ್ಪತ್ತೊಂಬತ್ತರಲ್ಲಿ ಮೂಡಬಿದಿರೆಯಿಂದ ನರಿಕೊಂಬಿಗೆ ಸೊಸೆಯಾಗಿ ಬಂದವಳು ನಾನು. ಸೆರಗಿಗೆ ಎರಡು ಕಡೆ ಪಿನ್ನು ಹಾಕಿಕೊಳ್ಳುವುದನ್ನು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಆ ಸೆರಗು ಈಗ ಹೊಟ್ಟೆಗೆ ಸಾಲುತ್ತಿರಲಿಲ್ಲ. ಒಂದು ದಿನ ಬಾವಿಕಟ್ಟೆಯಲ್ಲಿ ನೆರೆಮನೆಯ ಕಮಲಕ್ಕ ಬೆರಳು ಮಡಚಿ ತಿಂಗಳ ಲೆಕ್ಕ ಹಾಕುತ್ತಿದ್ದರು. ಅತ್ತೆ ಹಗ್ಗ ಎಳೆಯುತ್ತಿದ್ದರು. ಮದುವೆಗೆ ಮೊದಲೇ ಆದದ್ದು ಎಂದು ಕೇರಿಯೆಲ್ಲ ತೀರ್ಮಾನಿಸಿತ್ತು. ಮರುದಿನ ಅತ್ತೆ ನನ್ನನ್ನು ಬೆಳ್ತಂಗಡಿಯ ನಾದಿನಿಯ ಮನೆಗೆ ಕಳಿಸಿದರು. ಡಾಕ್ಟರರಿಗೂ ತೋರಿಸಲಿಲ್ಲ. ಅವರೂ ಎಷ್ಟು ತಿಂಗಳು ಎಂದು ಕೇಳುತ್ತಾರಲ್ಲ.

ಅಲ್ಲಿ ರಕ್ತ ಹೋಗಲು ಶುರುವಾಯಿತು.

ಮಂಗಳೂರಿನ ಆಸ್ಪತ್ರೆಯಲ್ಲಿ ನನ್ನ ಹೊಟ್ಟೆಯಿಂದ ತೆಗೆದದ್ದು ಮಗುವಲ್ಲ, ದ್ರಾಕ್ಷಿ ಗೊಂಚಲಿನಂಥದ್ದು. 'ಮೋಲ್' ಎಂದರು ಲೇಡಿ ಡಾಕ್ಟರ್, ಮಗು ಬೆಳೆಯದೆ ಮಾಸು ಮಾತ್ರ ಕೆಟ್ಟು ಊದಿಕೊಳ್ಳುವುದಂತೆ. ಹೊಟ್ಟೆ ಬೇಗ ಬೆಳೆದದ್ದು ಅದರಿಂದಲೇ ಎಂದು ಅತ್ತೆಗೆ ತಿಳಿಸಿದರು. ಅತ್ತೆ ನೆಲ ನೋಡುತ್ತಾ ನಿಂತರು. ನನಗೇನೂ ಸಮಾಧಾನವಾಗಲಿಲ್ಲ. ಅಲ್ಲಿಯವರೆಗೆ ಕೆಟ್ಟವಳಾಗಿದ್ದೆ, ಈಗ ಮಗುವಿನ ಬದಲು ಏನನ್ನೋ ಹೆತ್ತವಳಾದೆ.

ತಿಂಗಳುಗಳು ಕಳೆದರೂ ಮೂತ್ರ ಪರೀಕ್ಷೆ ಪಾಸಿಟಿವ್ ಬರುತ್ತಲೇ ಇತ್ತು, ಬಸುರಿಯರಿಗೆ ಬರುವ ಹಾಗೆಯೇ. ಎಕ್ಸ್‌ರೇ ತೆಗೆದಾಗ ಶ್ವಾಸಕೋಶದಲ್ಲಿ ಚುಕ್ಕೆಗಳು ಕಂಡವು; ಮೋಲಿನ ಉಳಿಕೆ ಅಲ್ಲಿಗೂ ಹರಡಿತ್ತು.

ಕ್ಯಾನ್ಸರ್.

ಇಂಜೆಕ್ಷನ್ನುಗಳಿಂದ ಬಾಯಿ ತುಂಬ ಹುಣ್ಣಾಯಿತು. ಗಂಜಿಯ ತಿಳಿ ಕೂಡ ಉರಿಯುತ್ತಿತ್ತು. ರೋಗ ಹೋಯಿತು ಎಂದ ಮೇಲೂ ತಿಂಗಳಿಗೊಮ್ಮೆ ಬೆಳಗಿನ ಮೂತ್ರವನ್ನು ಬಾಟ್ಲಿಯಲ್ಲಿ ತುಂಬಿಸಿ, ಟವಲು ಸುತ್ತಿ, ಬಸ್ಸಿನಲ್ಲಿ ಮಂಗಳೂರಿಗೆ ಒಯ್ಯಬೇಕಿತ್ತು. ಒಮ್ಮೆ ಪಕ್ಕದಲ್ಲಿ ಕಮಲಕ್ಕ ಕೂತರು. ಟವಲು ಜಾರಿತು.

"ಜೇನಾ? ಎಲ್ಲಿ ಸಿಕ್ಕಿತು ಮಾರಾಯ್ತಿ? ನನಗೂ ಒಂದು ಕುಡ್ತೆ ಇರಲಿ."

ಔಷಧಿ ಎಂದೆ.

"ಮಕ್ಕಳಾಗ್ಲಿಕ್ಕಾ?"

ಇಡೀ ಬಸ್ಸು ಕೇಳಿಸಿಕೊಂಡಿತು. ತೊಡೆಯ ಮೇಲೆ ಬಾಟ್ಲಿ ಇನ್ನೂ ಬೆಚ್ಚಗಿತ್ತು.

ಎರಡು ವರ್ಷ ಬಸುರಿಯಾಗಲೇಬಾರದು ಎಂದು ಡಾಕ್ಟರ್ ಹೇಳಿದ್ದರು. ಆಗ ಪರೀಕ್ಷೆ ಪಾಸಿಟಿವ್ ಬಂದರೆ ಮಗುವೋ ರೋಗವೋ ತಿಳಿಯುವುದಿಲ್ಲ. ಇದು ನನಗೆ ಮತ್ತು ನನ್ನ ಗಂಡನಿಗೆ ಮಾತ್ರ ಗೊತ್ತಿತ್ತು. ಅತ್ತೆಗೆ, ನನ್ನ ಗರ್ಭಕೋಶದಲ್ಲಿ ನಂಜು ಎಂದಷ್ಟೇ ಹೇಳಿದ್ದೆವು. ಅವರು ನನಗೆ ಮಗುವಾಗಲಿ ಎಂದು ನಾಗನಿಗೆ ತಂಬಿಲದ ಪೂಜೆ ಕೊಡಿಸಿ, ಅಲ್ಲಿಯ ಅರಸಿನ ತಂದು ತಮ್ಮ ಕೈಯಾರೆ ನನ್ನ ಹಣೆಗೆ ಹಚ್ಚುತ್ತಿದ್ದರು. ಒಳಗೆ ಟ್ರಂಕಿನಲ್ಲಿ, ಇವರ ಅಂಗಿಗಳ ಅಡಿಯಲ್ಲಿ, ನಿರೋಧ್ ಪೊಟ್ಟಣಗಳಿದ್ದವು. ಅರಸಿನ ಹಚ್ಚಿಸಿಕೊಳ್ಳುವಾಗ ನಾನು ತಲೆ ಎತ್ತುತ್ತಿರಲಿಲ್ಲ. ಅದನ್ನು ಅತ್ತೆ ಭಕ್ತಿ ಎಂದು ತಿಳಿದರು.

ಎರಡು ವರ್ಷ ಮುಗಿದರೂ ಬಸುರು ನಿಲ್ಲಲಿಲ್ಲ. ಮುಟ್ಟಿಗೆ ಲೆಕ್ಕವೇ ಇರಲಿಲ್ಲ. ಬಸುರು ನಿಲ್ಲಲೆಂದು ಡಾಕ್ಟರ್ ಕ್ಲೋಮಿಫೀನ್ ಎಂಬ ಮಾತ್ರೆ ಬರೆದುಕೊಟ್ಟರು. ತಿಂಗಳುಗಟ್ಟಲೆ ನುಂಗಿದೆ. ಒಂದು ದಿನ ಪರೀಕ್ಷೆ ಪಾಸಿಟಿವ್ ಬಂತು.

ಈಗಲೇ ಏನೂ ಹೇಳಲಾಗದು, ಕೆಲವು ವಾರ ಬಿಟ್ಟು ಬಾ ಎಂದರು ಡಾಕ್ಟರ್. ನನ್ನ ವಾಂತಿ ಕಂಡ ಅತ್ತೆ ಆಗಲೇ ಸಕ್ಕರೆ ಹಂಚಲು ಹೊರಟಿದ್ದರು. ಅಡುಗೆಮನೆಯಲ್ಲಿ ಅವರ ಕೈ ಹಿಡಿದೆ.

"ಯಾರಿಗೂ ಹೇಳ್ಬೇಡಿ ಅತ್ತೆ. ಮಗು ಹೌದಾ ಅಂತ ಗೊತ್ತಿಲ್ಲ. ನನಗೆ ಆಗ ಆದದ್ದು ಕ್ಯಾನ್ಸರ್. ಅದು ತಿರುಗಿ ಬಂದರೂ ಹೀಗೇ ತೋರಿಸ್ತದೆ."

ನಿರೋಧಿನ ವಿಷಯವನ್ನೂ ಹೇಳಿಬಿಟ್ಟೆ. ಅತ್ತೆ ಸಕ್ಕರೆ ಬಟ್ಟಲು ಕೆಳಗಿಟ್ಟು ಮಣೆಯ ಮೇಲೆ ಕೂತರು.

"ನಿನ್ನನ್ನು ಬೆಳ್ತಂಗಡಿಗೆ ಅಟ್ಟಿದ್ದು ನಾನು," ಎಂದರು ಕೊನೆಗೆ. "ಈ ಸಲ ನಾನೂ ಬರ್ತೇನೆ. ಒಟ್ಟಿಗೆ ಹೋಗುವ."

ಸ್ಕ್ಯಾನಿಂಗ್ ಮಂಗಳೂರಿಗೆ ಆಗಷ್ಟೇ ಬಂದಿತ್ತು. ಪರದೆಯ ಬೂದಿ ಬಣ್ಣದ ನಡುವೆ ಒಂದು ಕಾಳಿನಷ್ಟು ಏನೋ ಮಿಡಿಯುತ್ತಿತ್ತು.

"ಹೃದಯ," ಎಂದರು ಡಾಕ್ಟರ್.

ಅತ್ತೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

ಕಳೆದ ತಿಂಗಳು ಹೆರಿಗೆಯಾಯಿತು. ಮಗು ಅತ್ತಿತು. ಗಂಡೋ ಹೆಣ್ಣೋ ಎಂದು ನಾನು ಕೇಳಲಿಲ್ಲ. "ಮಾಸು ಸರಿ ಉಂಟಾ ಡಾಕ್ಟ್ರೇ?" ಎಂದೆ. ನರ್ಸ್ ನನ್ನನ್ನೇ ನೋಡಿದಳು. ಡಾಕ್ಟರ್ ಅದನ್ನು ತಿರುಗಿಸಿ ನೋಡಿ, ಲ್ಯಾಬಿಗೂ ಕಳಿಸುತ್ತೇನೆ, ಮೊದಲು ಮಗಳನ್ನು ನೋಡು ಎಂದರು.

ಹೆತ್ತ ತಾಯಿ ಹಾಗೆ ಕೇಳುವುದುಂಟೇ? ನೆನೆದಾಗಲೆಲ್ಲ ಮುಖ ಬಿಸಿಯಾಗುತ್ತದೆ. ಲ್ಯಾಬಿನ ರಿಪೋರ್ಟ್ ಒಳ್ಳೆಯದೇ ಬಂದಿದೆ. ಆದರೂ ಪರೀಕ್ಷೆಗಳು ಮುಗಿದಿಲ್ಲ. ಈ ಮೈಯನ್ನು ನಾನಿನ್ನೂ ಪೂರ್ತಿ ನಂಬಿಲ್ಲ. ಇವಳು ನಂಬಿದ್ದಾಳೆ. ಹಸಿವಾದರೆ ಕಣ್ಣು ಮುಚ್ಚಿಕೊಂಡೇ ನನ್ನನ್ನು ಹುಡುಕುತ್ತಾಳೆ.