ಕೆನ್ನೆಗೆ ಬಿದ್ದ ಕಣ್ಣಿನ ಹನಿ

ನನ್ನ ಕಣ್ಣಿಗೆ ಯಾವ ಕಾಯಿಲೆಯೂ ಇರಲಿಲ್ಲ. ಈ ಮಾತನ್ನು ಮೊದಲು ನಮ್ಮ ಪ್ರಿನ್ಸಿಪಾಲರಿಗೆ ಹೇಳಬೇಕಿತ್ತು, ಆಮೇಲೆ ಗುಡೇಕೋಟೆಯ ದೊಡ್ಡವ್ವನಿಗೆ. ಇಬ್ಬರಿಗೂ ತಡವಾಗಿ ಹೇಳಿದೆ. ನಿಮಗಾದರೂ ಮೊದಲ ಸಾಲಿನಲ್ಲೇ ಹೇಳಿಬಿಟ್ಟರೆ ಎದೆ ಸ್ವಲ್ಪ ಹಗುರಾದೀತು ಎಂದು ಆಸೆ.

ಇದ್ದದ್ದು ಮೈನಸ್ ಆರು ನಂಬರಿನ ಕನ್ನಡಕ, ಅಷ್ಟೇ. ಮೂರನೇ ಕ್ಲಾಸಿನಿಂದ ಮೂವತ್ತಾರನೇ ವಯಸ್ಸಿನವರೆಗೆ ಅದು ನನ್ನ ಮೂಗಿನ ಮೇಲೆ ಠಿಕಾಣಿ ಹೂಡಿತ್ತು. ಕೊಟ್ಟೂರಿನ ಪಿಯು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಹುಡುಗರು ನನಗಿಟ್ಟ ಹೆಸರು ‘ಕನ್ನಡಕ ಸರ್’. ಕನ್ನಡದ ಮೇಷ್ಟ್ರಿಗೆ ಒಂದೇ ಒಂದು ‘ಕ’ ಹೆಚ್ಚಿಗೆ ದಯಪಾಲಿಸಿದ್ದರು. ವ್ಯಾಕರಣದ ತಪ್ಪೇನೂ ಇರಲಿಲ್ಲವಾದ್ದರಿಂದ ಬೈಯುವಂತೆಯೂ ಇರಲಿಲ್ಲ. ಯೋಚಿಸಿ ನೋಡಿದರೆ ಕನ್ನಡಿಯೂ ಕನ್ನಡಕವೂ ಒಂದೇ ಮನೆತನದ ಪದಗಳು. ಒಂದು ನಮ್ಮನ್ನು ನಮಗೆ ತೋರಿಸುತ್ತದೆ, ಇನ್ನೊಂದು ಉಳಿದವರನ್ನು. ನಾನು ಎರಡನೆಯದನ್ನು ಹಾಕಿಕೊಂಡು ಹೆಚ್ಚಾಗಿ ನೋಡಿದ್ದು ಮೊದಲನೆಯದನ್ನೇ.

ಹರಪನಹಳ್ಳಿಯಲ್ಲಿ ಒಂದು ಮದುವೆ. ನಾನು, ಹೆಂಡತಿ ಶೈಲಾ ವಧೂವರರ ಪಕ್ಕ ನಿಂತಿದ್ದೆವು. ಫೋಟೋದವನು ಕ್ಯಾಮೆರಾ ಇಳಿಸಿ ಶೈಲಾಳಿಗೆ ಹೇಳಿದ: “ಮೇಡಂ, ನಿಮ್ಮ ತಂದಿಯವರಿಗೆ ಒಂಚೂರು ಈ ಕಡಿ ಸರೀರಿ ಅನ್ರಿ. ಚಾಳೀಸಿನ ಮ್ಯಾಲ ಲೈಟು ಹೊಡಿತೈತಿ.” ಶೈಲಾ ಅಲ್ಲಿ ನಗಲಿಲ್ಲ, ಅದು ಆಕೆಯ ದೊಡ್ಡ ಗುಣ. ಬಸ್ಸು ಹತ್ತಿದ ಮೇಲೆ ಶುರು ಮಾಡಿ ಕೊಟ್ಟೂರು ಬರುವವರೆಗೂ ನಕ್ಕಳು. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತು, ಊರು ಮುಟ್ಟುವಷ್ಟರಲ್ಲಿ, ಕನ್ನಡಕ ಬಿಡಿಸುವ ಲೇಸರ್ ಆಪರೇಷನ್ ಮಾಡಿಸುವುದೆಂದು ತೀರ್ಮಾನಿಸಿದೆ.

ರಜೆ ಬೇಕಲ್ಲ? ‘ಚೆಂದ ಕಾಣಲು’ ಎಂದು ಅರ್ಜಿ ಬರೆಯಲಾದೀತೇ? ಪ್ರಿನ್ಸಿಪಾಲರ ಮುಂದೆ ನಿಂತು, “ಕಣ್ಣಿನ ನರದ ತೊಂದರೆ ಸರ್, ತಡ ಮಾಡಿದರೆ ಕಷ್ಟವಂತೆ” ಎಂದೆ. ಅವರು ಕುರ್ಚಿಯಿಂದ ಎದ್ದು ಬಂದು ನನ್ನ ಭುಜ ಹಿಡಿದುಕೊಂಡರು. ಆಗಲೇ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಎಷ್ಟು ಚೆನ್ನಾಗಿ ಹೇಳಿದೆ ಎಂದು ಒಳಗೊಳಗೇ ಬೀಗಿದೆ.

ದಾವಣಗೆರೆಯಲ್ಲಿ ಆಪರೇಷನ್ ಮುಗಿಯುವುದಕ್ಕೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಕಷ್ಟವೆಲ್ಲ ಆಮೇಲಿನದು. ಮೊದಲ ದಿನ ಕಣ್ಣಿನಲ್ಲಿ ಯಾರೋ ಈರುಳ್ಳಿ ಹೆಚ್ಚುತ್ತಿರುವಂಥ ಉರಿ, ಧಾರಾಕಾರ ನೀರು. ಮಲಗುವಾಗ ಕೈ ತಾಗದಂತೆ ಕಣ್ಣಿಗೆ ಪ್ಲಾಸ್ಟಿಕ್ಕಿನ ಮುಚ್ಚಳ. ಉಜ್ಜುವಂತಿಲ್ಲ, ತಲೆಗೆ ಎರೆದುಕೊಳ್ಳುವಂತಿಲ್ಲ, ಒಗ್ಗರಣೆಯ ಹೊಗೆಗೆ ಮುಖ ಕೊಡುವಂತಿಲ್ಲ. ಹೊರಗೆ ಹೋದರೆ ಕಪ್ಪು ಕನ್ನಡಕ. ಹಗಲೆಲ್ಲ ಗಂಟೆಗೊಂದು ಸಲ ಒಂದು ಹನಿ, ನಾಲ್ಕು ಸಲ ಇನ್ನೊಂದು ಹನಿ. ದೂರದ್ದು ಕಂಡರೂ ಪುಸ್ತಕ ಹಿಡಿದರೆ ಅಕ್ಷರ ತೇಲುತ್ತಿತ್ತು. ಟ್ಯೂಬ್‌ಲೈಟಿಗೂ, ಎದುರು ಬರುವ ಬೈಕಿನ ದೀಪಕ್ಕೂ ದೇವರಿಗಿರುವಂಥ ಪ್ರಭಾವಳಿ. ಇದೆಲ್ಲ ಆಗುತ್ತದೆ, ಕ್ರಮೇಣ ಕಡಿಮೆಯಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಅವರು ಹೇಳದೆ ಇದ್ದದ್ದು ಮೂರನೆಯ ದಿನ ಮನೆಗೆ ಬಂತು. ಶೈಲಾ ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಟೀಚರು. ಬೆಳಗಿನ ಬಸ್ಸಿಗೆ ಹೋಗಿದ್ದಳು. ಬಾಗಿಲು ಬಡಿದ ಸದ್ದಿಗೆ ತೆರೆದರೆ ದೊಡ್ಡವ್ವ, ಕಂಕುಳಲ್ಲಿ ರೊಟ್ಟಿಯ ಗಂಟು. ನನ್ನ ಅವ್ವನ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಗುಡೇಕೋಟೆಯಿಂದ ಬರುವ ಯಾವುದೋ ವಿದ್ಯಾರ್ಥಿನಿಯ ಬಾಯಿಂದ ನನ್ನ ನರ ಅಲ್ಲಿಗೂ ತಲುಪಿತ್ತು. ದಾರಿಯಲ್ಲಿ ಅದು ಇನ್ನಷ್ಟು ಕೆಟ್ಟಿತ್ತು.

“ಯಪ್ಪಾ ಕೊಟ್ರಾ, ಕಣ್ಣಿನ ನರ ಹರದೈತಂತಲ್ಲೋ! ಈ ವಯಸ್ಸಿನ್ಯಾಗ ನಿನಗ್ಯಾಕ ಬಂತೋ ಇದು?” ಎಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು.

ಹೇಳಿಬಿಡಬೇಕಿತ್ತು. “ಆರಾಮ ಐತಿ ದೊಡ್ಡವ್ವ” ಎಂದಷ್ಟೇ ಹೇಳಿ, ಆಕೆ ತಂದ ರೊಟ್ಟಿ, ಶೇಂಗಾ ಚಟ್ನಿಯನ್ನು ರೋಗಿಯ ಗಾಂಭೀರ್ಯದಿಂದ ತಿಂದೆ.

ಹನಿ ಹಾಕುವ ಕೆಲಸವನ್ನು ದೊಡ್ಡವ್ವ ಕೈಗೆ ತೆಗೆದುಕೊಂಡಳು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಕಣ್ಣು ತಗಿ” ಎಂದಳು. ಮೊದಲ ಹನಿ ಮೂಗಿನ ಮೇಲೆ ಬಿತ್ತು. ಎರಡನೆಯದು ಕೆನ್ನೆಗೆ. ಮೂರನೆಯದು ಕಿವಿಯ ಕಡೆ ಹರಿಯಿತು. ವಯಸ್ಸಾಯಿತು, ಕೈ ನಡುಗುತ್ತದೆ ಎಂದುಕೊಂಡೆ. ನನ್ನ ಹೊಸ ಕಣ್ಣಿಗೆ ಕಿಟಕಿಯಾಚೆ ಎದುರಿನ ಓಣಿಯ ಕೊನೆಯಲ್ಲಿದ್ದ ಅಂಗಡಿಯ ಬೋರ್ಡು ಕಾಣುತ್ತಿತ್ತು. ಅದನ್ನೇ ಓದುತ್ತ ಖುಷಿಯಲ್ಲಿದ್ದೆ.

ಮಧ್ಯಾಹ್ನದ ಹನಿಯ ಹೊತ್ತಿಗೆ ಆಕೆ ಗೂಡಿನಿಂದ ಬಾಟಲಿ ತಂದು ಮುಚ್ಚಳ ತೆಗೆದು ಬಗ್ಗಿದಳು. ಗಮ್ಮೆಂದು ಲವಂಗದ ವಾಸನೆ. ಶೈಲಾ ಹಲ್ಲುನೋವಿಗೆಂದು ಇಟ್ಟುಕೊಂಡ ಲವಂಗದೆಣ್ಣೆ! ಕಣ್ಣಿಗೆ ಒಂದು ಗೇಣು ದೂರದಲ್ಲಿ ಆಕೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ದೊಡ್ಡವ್ವ, ಇದು ಯಾವ ಬಾಟ್ಲಿ ಅಂತ ಕಾಣಂಗಿಲ್ಲೇನು?”

“ಕಾಣತೈತಿ ಬಿಡೋ. ಬಾಟ್ಲಿ ಅಂತ ಕಾಣತೈತಿ.”

ನಾನು ಎದ್ದು ಕುಳಿತು ಕೈ ಚಾಚಿ, “ಎಷ್ಟು ಬೆರಳು?” ಎಂದೆ.

“ನಿನ್ನ ಕೈಗೆ ಐದ ಅದಾವಲ್ಲ, ಎಣಿಸಾದೇನೈತಿ?” ಎಂದು ನಕ್ಕಳು. ನಾನು ತೋರಿಸಿದ್ದು ಎರಡು.

ಕೆದಕಿ ಕೇಳಿದ ಮೇಲೆ ಹೊರಬಿತ್ತು. ಕೂಡ್ಲಿಗಿಯಲ್ಲಿ ಇಳಿದು ಕೊಟ್ಟೂರಿನ ಬಸ್ಸೆಂದು ಬೇರೆ ಯಾವುದನ್ನೋ ಹತ್ತಿದ್ದಾಳೆ. ಕಂಡಕ್ಟರ್ ದಾರಿಯಲ್ಲಿ ಇಳಿಸಿದ್ದಾನೆ. ಅಲ್ಲಿಂದ ಇನ್ನೊಂದು ಬಸ್ಸು. ನಮ್ಮ ಓಣಿಯಲ್ಲಿ ಎರಡು ಮನೆಯ ಬಾಗಿಲು ಬಡಿದು, ನಮ್ಮದು ಮೂರನೆಯದು. ಕಣ್ಣು ಕಾಣದವಳು ನನ್ನ ಕಣ್ಣು ನೋಡಿಕೊಳ್ಳಲು ಬಂದಿದ್ದಳು.

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೋದ ಯುಗಾದಿಗೆ ಹೋದಾಗ “ಕಣ್ಣು ಮಬ್ಬಾಗ್ಯಾವ, ಒಂದಿನ ಎಲ್ಲ್ಯಾರ ತೋರಸೋ” ಎಂದಿದ್ದಳು. ಪರೀಕ್ಷೆ ಮುಗಿಯಲಿ ಎಂದೆ. ಆಮೇಲೆ ಫೋನಿನಲ್ಲಿ ಕೇಳಿದಳು. ಪೇಪರ್ ತಿದ್ದುವುದು ಮುಗಿಯಲಿ ಎಂದೆ. ಮೂರನೆಯ ಸಲ ಆಕೆ ಕೇಳಲಿಲ್ಲ, ನಾನು ನೆನಪಿಸಿಕೊಳ್ಳಲಿಲ್ಲ. ತನ್ನ ಮಗ ಸೊಸೆಗೂ ಆಕೆ “ಕೊಟ್ರ ಕರಕೊಂಡು ಹೋಕ್ಕಾನ” ಎಂದೇ ಹೇಳುತ್ತ ಬಂದಿದ್ದಾಳೆ. ಇದೇ ದೊಡ್ಡವ್ವ, ನಾನು ಎರಡನೇ ಕ್ಲಾಸು ದಾಟಿದ ವರ್ಷ ಅಂಗಳಕ್ಕೆ ಬಂದ ಮೇಕೆಯನ್ನು ನಾಯಿಯೆಂದು ಓಡಿಸಿದ್ದನ್ನು ಕಂಡು, ಮರುದಿನವೇ ಹೊಲದ ಕೆಲಸ ಬಿಟ್ಟು ನನ್ನನ್ನು ಕೂಡ್ಲಿಗಿಗೆ ಎಳೆದುಕೊಂಡು ಹೋಗಿದ್ದಳು. ಮರುದಿನವೇ. ನಾನು ಒಂದು ವರ್ಷ ತಳ್ಳಿ, ಸಿಕ್ಕ ರಜೆಯನ್ನೆಲ್ಲ ನನ್ನ ಮೂಗಿನ ಅಂದಕ್ಕೆ ಬಳಸಿಕೊಂಡಿದ್ದೆ.

ಆಗ ಹೇಳಿದೆ. ತಲೆ ತಗ್ಗಿಸಿಕೊಂಡೇ ಹೇಳಿದೆ. “ನರ ಗಿರ ಏನೂ ಹರಿದಿಲ್ಲ ದೊಡ್ಡವ್ವ. ಚಾಳೀಸು ಬ್ಯಾಡ ಅನಿಸ್ತು. ಚೆಂದ ಕಾಣಾಕ ಮಾಡಿಸಿಕೊಂಡೆ.”

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಆಕೆ, “ಹರಿದಿಲ್ಲೇನು? ಖರೇನ?” ಎಂದು ನನ್ನ ಬೆನ್ನು ಸವರಿ, ಸೆರಗಿನಿಂದ ಮುಖ ಒರೆಸಿಕೊಂಡಳು. “ಅಯ್ಯ, ಬಸ್ಸಿನ್ಯಾಗ ಸುಮ್ಸುಮ್ನ ಅಷ್ಟೊತ್ತು ಅತ್ತೆನಲ್ಲೋ” ಎಂದು ನಕ್ಕಳು. ಆಮೇಲೆ, ಹೊಸ ಸೀರೆ ಕೇಳುವವರ ಸಂಕೋಚದಲ್ಲಿ, “ನನ್ನವೂ ಹಂಗ ಆಗ್ತಾವೇನು?” ಎಂದಳು.

ವಾರದ ತಪಾಸಣೆಗೆ ದಾವಣಗೆರೆಗೆ ಹೋಗುವಾಗ ಆಕೆಯನ್ನೂ ಕರೆದುಕೊಂಡು ಹೋದೆ. ಹೋಗುವ ಮೊದಲು ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರ ಮುಂದೆ ನಿಜ ಒಪ್ಪಿಕೊಂಡು, ಇನ್ನೆರಡು ದಿನ ರಜೆ ಕೇಳಿದೆ. ಅವರು ಸಹಿ ಹಾಕುತ್ತ ಹೇಳಿದರು: “ನನಗ ಗೊತ್ತಿತ್ತು ಬಿಡ್ರಿ. ನರ ಹೋದವ್ರು ಕಪ್ಪು ಕನ್ನಡಕ ಹಾಕ್ಕೊಂಡು ಬಜಾರದಾಗ ನಾಕು ಸಲ ಅಡ್ಡಾಡಂಗಿಲ್ಲ.”

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ದೊಡ್ಡವ್ವನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. “ಎರಡೂ ಕಣ್ಣಲ್ಲಿ ಪೊರೆ ಚೆನ್ನಾಗಿ ಬಲಿತುಬಿಟ್ಟಿದೆ. ಇಷ್ಟು ದಿನ ಯಾಕೆ ಸುಮ್ಮನಿದ್ರಿ ಅಜ್ಜಿ? ಮನೇಲಿ ಯಾರೂ ವಿಚಾರಿಸಲಿಲ್ವಾ?” ಎಂದು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ದೊಡ್ಡವ್ವ ನನಗಿಂತ ಮೊದಲು ಮಾತಾಡಿದಳು.

“ಇವಂದೇನೂ ತಪ್ಪಿಲ್ರವ್ವ. ಬಾ ಬಾ ಅಂತ ಕರದು ಕರದು ಇವಂಗ ಸಾಕಾಗೇತಿ. ನಾನ ಅಂಜಿಕೊಂಡು ಬರ್ಲಿಲ್ಲ.”

“ಇಂಥವರು ಇರೋದು ಅಪರೂಪ” ಎಂದು ಡಾಕ್ಟರಮ್ಮ ನನ್ನನ್ನು ಮೆಚ್ಚಿಕೊಂಡರು. ನಾನು ತೆರೆದ ಬಾಯಿಯನ್ನು ಹಾಗೇ ಮುಚ್ಚಿದೆ. ನಮ್ಮ ಮನೆತನಕ್ಕೆ ಸುಳ್ಳು ಹೇಳುವ ಕಲೆ ಒಲಿದಂತಿದೆ. ನಾನು ಚೆಂದ ಕಾಣಲೆಂದು ನಾನು ಹೇಳಿದೆ. ನಾನೇ ಚೆಂದ ಕಾಣಲೆಂದು ಆಕೆಯೂ ಹೇಳಿದಳು.

ಮೊದಲು ಬಲಗಣ್ಣಿನ ಪೊರೆ ತೆಗೆದರು. ಮರುದಿನ ಪಟ್ಟಿ ಬಿಚ್ಚಿದಾಗ ಆಕೆ ಮೊದಲು ಕಿಟಕಿ ನೋಡಿದಳು, ಆಮೇಲೆ ತನ್ನ ಕೈಬಳೆ ನೋಡಿಕೊಂಡಳು, ಆಮೇಲೆ ನನ್ನನ್ನು. ಬಹಳ ಹೊತ್ತು ನೋಡಿ, ಕಳವಳದಿಂದ, “ಏನೋ ಕೊಟ್ರಾ, ತಲಿ ಮ್ಯಾಲ ಕೂದಲಾ ಇಲ್ಲಲ್ಲೋ! ಯಾವಾಗ ಹೋದವು?” ಎಂದಳು. ಪಕ್ಕದ ಮಂಚದವರೂ ನಕ್ಕರು. ನಾನೂ ನಕ್ಕೆ.

ಈಗ ಆಕೆ ನಮ್ಮ ಮನೆಯಲ್ಲೇ ಇದ್ದಾಳೆ. ಇನ್ನೊಂದು ಕಣ್ಣಿನದು ಮುಗಿದ ಮೇಲೆ ಊರಿಗೆ. ಹನಿ ಹಾಕುವ ಕೆಲಸ ನನ್ನದು. ಹನಿ ಹಾಕಬೇಕಾದರೆ ಕಣ್ಣನ್ನು ಅಂಗೈಯಗಲದ ದೂರದಿಂದ ನೋಡಬೇಕಾಗುತ್ತದೆ. ನಿನ್ನೆ ಹಾಗೆ ಬಗ್ಗಿದಾಗ ಕಂಡಿತು: ದೊಡ್ಡವ್ವನ ಕಣ್ಣು ನಾನು ತಿಳಿದಂತೆ ಕಪ್ಪಲ್ಲ, ತಿಳಿಯಾದ ಜೇನಿನ ಬಣ್ಣ. ಇಷ್ಟು ವರ್ಷ ನನ್ನನ್ನು ನೋಡಿಕೊಂಡ ಕಣ್ಣು. ನಾನು ಬಾಟಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದೆ.

“ಲಗೂ ಹಾಕೋ,” ಎಂದಳು ದೊಡ್ಡವ್ವ, “ಎಷ್ಟೊತ್ತು ಹಿಂಗ ಕಣ್ಣು ಬಿಟ್ಕೊಂಡಿರ್ಲಿ?”