ಅವ್ವನ ಆರ್ಟು

ಸಂಜಯನಗರದ ನಮ್ಮ ಮನೆಯಲ್ಲಿ, ಫ್ರಿಜ್ಜಿನ ಮೇಲೆ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿದೆ. ಅದರೊಳಗಿನ ಮಾತ್ರೆಗಳನ್ನು ಅವ್ವ ತಾನೇ ಹೆಸರಿಟ್ಟು ಕರೆಯುತ್ತಿದ್ದಳು: ಬೀಪೀದು, ಸುಗರಿಂದು, ಆರ್ಟಿಂದು. ಚಿಕ್ಕಜಾಲದ ಹೊಲಗಳ ನಡುವೆ ಬೆಳೆದವಳ ನಾಲಿಗೆಗೂ ಹಕಾರಕ್ಕೂ ಮೊದಲಿಂದ ಅಷ್ಟಕ್ಕಷ್ಟೆ. ಹಾಲು ಆಲಾಗುವ ಬಾಯಲ್ಲಿ ಹಾರ್ಟು ಆರ್ಟಾಗದೆ ಇನ್ನೇನಾದೀತು, ನೀವೇ ಹೇಳಿ.

ನಾನು ಹೈಸ್ಕೂಲು ಟೀಚರು. ತಿದ್ದುವುದು ನನ್ನ ಹೊಟ್ಟೆಪಾಡು, ಚಟವೂ ಹೌದು. ಹೆಬ್ಬಾಳದ ಆಸ್ಪತ್ರೆಯಲ್ಲಿ ನಾಲ್ಕು ಜನರೆದುರು, "ಆರ್ಟಲ್ಲವ್ವ, ಹಾರ್ಟು! ಎಷ್ಟು ಸಲ ಹೇಳೋದು ನಿಂಗೆ?" ಎಂದು ಸಿಡುಕುತ್ತಿದ್ದೆ. ಪಕ್ಕದ ಬೆಂಚಿನವರು ನಕ್ಕರೆ ನಾನೂ ನಗುತ್ತಿದ್ದೆ. ಅದೇ ಆಸ್ಪತ್ರೆಯಲ್ಲಿ, ಉತ್ತರದ ಕಡೆಯಿಂದ ಬಂದ ಡಾಕ್ಟರು ಸ್ಕ್ಯಾನನ್ನು ‘ಇಸ್ಕ್ಯಾನ್’ ಅಂದಾಗ ಯಾರೂ ನಗಲಿಲ್ಲ. ಕೇರಳದ ನರ್ಸು ಆಕ್ಸಿಜನ್ನನ್ನು ‘ಓಕ್ಸಿಜನ್’ ಅಂದಾಗ ನಾನು ವಿನಯದಿಂದ ತಲೆಯಾಡಿಸಿದೆ. ಬಿಳಿ ಕೋಟಿನವರ ನಾಲಿಗೆಗೆ ಎಲ್ಲವೂ ಮಾಫಿ, ಹೆತ್ತವಳ ನಾಲಿಗೆಗೆ ಮಾತ್ರ ಕೆಂಪು ಪೆನ್ನು. ಥೂ, ಎಂಥ ಬುದ್ಧಿವಂತಿಕೆ ನನ್ನದು!

ಬರಬರುತ್ತ ಅವ್ವ ಆಸ್ಪತ್ರೆಯಲ್ಲಿ ಮಾತು ಕಡಿಮೆ ಮಾಡಿದಳು. ಡಾಕ್ಟರು ಏನು ಕೇಳಿದರೂ "ಚೆನ್ನಾಗಿವ್ನಿ" ಅನ್ನುವುದೊಂದೇ ಉತ್ತರ. ನಾನದನ್ನು ಆರೋಗ್ಯವೆಂದೇ ನಂಬಿದೆ. ಹೋದ ತಿಂಗಳು ಅಡುಗೆಮನೆಯಲ್ಲಿ ಅವಳು ಕುಸಿದು ಬಿದ್ದ ಮೇಲೆ ತಿಳಿಯಿತು, ಯುಗಾದಿಯಿಂದಲೂ ನಡೆದರೆ ಎದೆ ಹಿಡಿದುಕೊಳ್ಳುತ್ತಿತ್ತಂತೆ. ದಿನವೂ ಗೇಟಿಗೆ ಬಂದು ಹೂ ಕೊಡುವ ನಾಗಮ್ಮನಿಗೆ ಗೊತ್ತು, ಒಂದೇ ಸೂರಿನಡಿ ಮಲಗುವ ನನಗೆ ಗೊತ್ತಿಲ್ಲ.

"ಯಾಕವ್ವ ನಂಗೆ ಹೇಳ್ಲಿಲ್ಲ?" ಎಂದು ಗೋಗರೆದೆ.

"ನಾನ್ ಬಾಯ್ ಬಿಟ್ರೆ ನಿಂಗೆ ನಾಚ್ಕೆ ಆಯ್ತದಲ್ಲವ್ವ, ಅದ್ಕೇ ಸುಮ್ಕಿದ್ದೆ" ಎಂದಳು. ದನಿಯಲ್ಲಿ ಒಂದಿಷ್ಟೂ ಕೋಪವಿರಲಿಲ್ಲ.

ಹೃದಯ ತೀರ ಸೋತಿದೆ, ಆಪರೇಷನ್ ತಡೆದುಕೊಳ್ಳುವ ಶಕ್ತಿ ಇಲ್ಲ, ಮೊದಲೇ ಹೇಳಿದ್ದರೆ ಎಂದು ಡಾಕ್ಟರು ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆನ್ನುತ್ತಾರೆ. ಚಿಂತಿಸದೆ ಇರುವುದು ಹೇಗೆಂದು ಮಾತ್ರ ಗಾದೆ ಕಟ್ಟಿದ ಪುಣ್ಯಾತ್ಮರು ಹೇಳಿಹೋಗಲಿಲ್ಲ. ಹೇಗೆ ಬೇಕಾದರೂ ಅನ್ನು ತಾಯಿ, ಬಾಯಿ ಬಿಟ್ಟರೆ ಸಾಕು ಎಂದು ಈಗ ದಿನಾ ಅವ್ವನನ್ನು ಬೇಡಿಕೊಳ್ಳುತ್ತೇನೆ. ಅವಳು ನಕ್ಕು ಸುಮ್ಮನಾಗುತ್ತಾಳೆ. ಸಾಯುವವರೆಗೂ ಹೀಗೇ ಸುಮ್ಮನಿದ್ದುಬಿಡುತ್ತಾಳೆ ಎಂಬುದು ನನಗೆ ಗೊತ್ತು.

ನಿನ್ನೆ ಡಾಕ್ಟರು ಹಾಸಿಗೆಯ ಮೇಲೆ ಬಗ್ಗಿ, ತಮಗೆ ಬರುವಷ್ಟು ಕನ್ನಡದಲ್ಲಿ, "ಅಮ್ಮಾ, ನೋವು ಎಲ್ಲಿದೆ?" ಎಂದು ಕೇಳಿದರು. ಅವ್ವ ಮೊದಲು ನನ್ನ ಮುಖ ನೋಡಿದಳು.

"ನೀನೇ ಯೋಳವ್ವ" ಅಂದಳು.

ಇಬ್ಬರೂ ನನ್ನತ್ತ ತಿರುಗಿ ಕಾದರು. ಅವಳಿಗೆ ಎಲ್ಲಿ ನೋವೆಂದು ನನಗೆ ಗೊತ್ತಿರಲಿಲ್ಲ.