ಮಾದೇವಕ್ಕನನ್ನು ಮುಟ್ಟದ ಮಷೀನು

ನನ್ನ ಸೋದರಮಾವನ ಊರು ಸತ್ತೇಗಾಲದಲ್ಲಿ ಈಗ ಓಡಾಡುತ್ತಿರುವ ಕಥೆ ಇದು: ಚೆನ್ನೈನ ಮಷೀನು ಕೈಕೊಟ್ಟಿತು, ಮಾದೇವಕ್ಕನ ಗರ್ಭಕೋಶ ಹೋಯಿತು, ಅವಳನ್ನು ಅಲ್ಲಿಗೆ ಕರೆಸಿಕೊಂಡವಳು ನಾನು. ಮೂರರಲ್ಲಿ ಎರಡು ನಿಜ. ಮೊದಲನೆಯದು ಶುದ್ಧ ಸುಳ್ಳು. ಮಷೀನು ಅವಳನ್ನು ಮುಟ್ಟಲೇ ಇಲ್ಲ.

ಆಸ್ಪತ್ರೆಯಲ್ಲಿ ಆ ಮಷೀನಿನ ಕೋಣೆಯಲ್ಲೇ ನನ್ನ ಕೆಲಸ. ಚೆನ್ನೈಗೆ ಬಂದ ಮೊದಲ ವಾರ ಅಲ್ಲಿ ಕಂಡದ್ದನ್ನು ನಾನೇ ನಂಬಲಿಲ್ಲ. ಗರ್ಭಕೋಶದಲ್ಲಿ ಗಡ್ಡೆಯಿದ್ದ ಹೆಂಗಸೊಬ್ಬಳು ಬೋರಲು ಮಲಗಿದಳು. ಕತ್ತರಿಯಿಲ್ಲ, ಹೊಲಿಗೆಯಿಲ್ಲ. ಭೂತಗನ್ನಡಿ ಬಿಸಿಲನ್ನು ಒಂದು ಚುಕ್ಕಿಗೆ ಕೂಡಿಸಿ ಒಣಹುಲ್ಲು ಸುಡುವ ಹಾಗೆ, ಕಿವಿಗೆ ಕೇಳದ ಶಬ್ದದ ಅಲೆಗಳು ಚರ್ಮ ದಾಟಿ ಹೋಗಿ ಗಡ್ಡೆಯೊಳಗೆ ಕೂಡಿ ಅದನ್ನಷ್ಟೇ ಸುಟ್ಟವು. ಆಮೇಲೆ ರಕ್ತದ ಹರಿವಿನ ಚಿತ್ರ ತೆಗೆದರು. ಗಡ್ಡೆಯ ಜಾಗ ಪರದೆಯ ಮೇಲೆ ಕಪ್ಪಾಗಿತ್ತು. ಅಲ್ಲಿ ರಕ್ತ ಹರಿಯುತ್ತಿಲ್ಲ, ಅಂದರೆ ಗಡ್ಡೆ ಸತ್ತಿದೆ. ಸಂಜೆಗೆ ಆಕೆ ಎದ್ದು ಕೂತು ಕಾಪಿ ಕೇಳಿದಳು.

ಹನೂರಿನಲ್ಲಿ ಬೆಳೆದವಳು ನಾನು; ಪಾಲಾರ್ ಗಡಿಯ ತಮಿಳು ಸಾಕೆಂದುಕೊಂಡಿದ್ದೆ. ಅದನ್ನು ಕೇಳಿ ಮನೆ ಓನರಮ್ಮ ನಕ್ಕುಬಿಟ್ಟಳು. ಮುದ್ದೆಗೆ ಇಲ್ಲಿ ‘ಕಳಿ’ ಎನ್ನುತ್ತಾರೆ ಎಂದು ತಿಳಿಯುವವರೆಗೆ ಎರಡು ತಿಂಗಳು ಇಡ್ಲಿಯಲ್ಲೇ ಕಳೆದೆ. ಆದರೆ ಒಂದು ಮಾತು ಮೊದಲ ದಿನವೇ ಬಾಯಿಗೆ ಬಂತು: ‘ವಲಿಕ್ಕುದಾ?’ ನೋಯುತ್ತಾ? ಮಲಗಿದವರನ್ನು ನಿಮಿಷಕ್ಕೊಮ್ಮೆ ಇದನ್ನೇ ಕೇಳುವುದು ನನ್ನ ಕೆಲಸ. ಅವರ ಕೈಯಲ್ಲೊಂದು ಬಟನ್ ಇರುತ್ತದೆ. ನೋವಾಗಿ ಒತ್ತಿದರೆ ಎಲ್ಲವೂ ನಿಲ್ಲಬೇಕು. ಒಬ್ಬ ಹೆಂಗಸು ಸಾಕೆಂದರೆ ಮಷೀನು ಕೂಡ ಸುಮ್ಮನಾಗುತ್ತದೆ!

ನಮ್ಮ ಕಡೆ? ಮಾದೇವಕ್ಕ ನನ್ನ ಸೋದರಮಾವನ ಮಗಳು, ಮದುವೆಯಾಗಿಲ್ಲ. ತಿಂಗಳಲ್ಲಿ ಹತ್ತು ಹನ್ನೆರಡು ದಿನ ರಕ್ತ ಹೋಗುತ್ತಿತ್ತು. ನಾನು ಫೋನಿನಲ್ಲಿ ಕಾಡಿಸಿದ ಮೇಲೆ ಮಾವ ಅವಳನ್ನು ಕೊಳ್ಳೇಗಾಲದ ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದರು. ಬೆಂಚಿನ ಮೇಲೆ ಬಸುರಿಯರ ನಡುವೆ ಊರಿನವರೊಬ್ಬರು ಕಂಡರು. ಬಾಗಿಲಿನಿಂದಲೇ ವಾಪಸ್.

“ಮದ್ವೆ ಆಗ್ದಿರೋ ಎಣ್ಣ ಸ್ಕ್ಯಾನಿಂಗ್‌ಗೆ ಕರ್ಕಂಡೋದ್ರೆ ಜನ ಏನಂದಾರು, ಯೋಳವ್ವ?”

“ಒಟ್ಟೇಲಿ ಗಡ್ಡೆ ಇರ್ಬೋದು ಅಂತಾರೆ, ಮಾವ.”

“ನೀನು ಡಿಬೇಟಲ್ಲಿ ಕಪ್ ಗೆದ್ದೋಳು ಕಣವ್ವ. ನಿನ್ ಕೂಟೆ ವಾದ ಮಾಡಕ್ಕೆ ನಾನೇನ್ ಲಾಯ್ರಾ?”

ನಮ್ಮ ಕಡೆ ಸ್ಕ್ಯಾನ್ ಎಂದರೆ ಬಸುರು. ಬೇರೆ ಯಾವ ಕಾರಣಕ್ಕೂ ಹೆಣ್ಣಿಗೆ ಹೊಟ್ಟೆಯೇ ಇಲ್ಲವೇನೋ! ಹೀಗೆ ಎರಡು ವರ್ಷ ಹೋಯಿತು.

ಕೊನೆಗೆ ನಾನೇ ಕರೆದ ಮೇಲೆ ಅವಳು ಒಬ್ಬಳೇ ಬಸ್ ಹತ್ತಿ ನನ್ನ ರೂಮಿಗೆ ಬಂದಳು, ಮುಖ ಸುಣ್ಣದ ಹಾಗೆ ಬಿಳಿಚಿಕೊಂಡು. ಪರೀಕ್ಷೆಯ ದಿನ ಕೋಣೆಯಲ್ಲಿದ್ದ ಬಟನ್ ಎತ್ತಿ ನೋಡಿದಳು.

“ಇದ್ನ ಊರಲ್ಲೇ ಕೊಟ್ಟಿದ್ರೆ ಎಂದೋ ಒತ್ತುಬುಡ್ತಿದ್ದೆ ಕಣವ್ವಿ.”

ಒತ್ತುವ ಅವಕಾಶ ಬರಲಿಲ್ಲ. ಪರದೆಯಲ್ಲಿ ಒಂದಲ್ಲ, ಹೊಟ್ಟೆ ತುಂಬ ಗಡ್ಡೆಗಳು. ಎಲ್ಲದರಲ್ಲೂ ರಕ್ತ ಭೋರೆಂದು ಹರಿಯುತ್ತಿತ್ತು. ಹರಿಯುವ ಕಾಲುವೆಯಲ್ಲಿ ನೀರು ಕಾಯುವುದುಂಟೇ? ಅಂಥ ಗಡ್ಡೆಯಲ್ಲಿ ಬಿಸಿ ನಿಲ್ಲುವುದಿಲ್ಲ. ಈ ಚಿಕಿತ್ಸೆ ಆಗದು, ಗರ್ಭಕೋಶ ತೆಗೆಯಬೇಕು ಎಂದರು ಡಾಕ್ಟರು. ತೆಗೆದರು. ಎರಡು ವರ್ಷ ಮುಂಚೆ ಬಂದಿದ್ದರೆ ಉಳಿಯುತ್ತಿತ್ತೇ? ಖಚಿತವಾಗಿ ಹೇಳಲಾರೆ, ವಾದ ಗೆಲ್ಲಲೆಂದು ಸುಳ್ಳು ಹೇಳುವವಳಲ್ಲ ನಾನು. ಆದರೆ ಕೇಳಿ ನೋಡುವ ಅವಕಾಶವನ್ನಾದರೂ ಅವಳಿಂದ ಕಸಿದದ್ದು ಮಷೀನಲ್ಲ.

ಹಬ್ಬಕ್ಕೆ ಸತ್ತೇಗಾಲಕ್ಕೆ ಹೋದೆ. ಚೆನ್ನೈನಲ್ಲಿ ನಾನು ‘ಕನ್ನಡಕ್ಕಾರಿ’, ಇಲ್ಲಿ ‘ಮದ್ರಾಸ್‌ನೋಳು’. ಯಾವ ಊರಿಗೂ ನಾನು ಪೂರ್ತಿ ಸೇರಿಲ್ಲ. ಮುದ್ದೆ ಬಡಿಸಿಕೊಂಡು ಕೂತಾಗ ಮಾವ ಎಲ್ಲರೆದುರು ಅಂದರು, “ನಿನ್ ಮಷೀನು ಕೈಕೊಡ್ತಲ್ಲವ್ವ.” ಮಾದೇವಕ್ಕ ಸಾರಿನ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. ನಾನು ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿದೆ. ಮಾವ ಇನ್ನಷ್ಟು ಸಾರಿಗೆಂದು ಅವಳತ್ತ ತಟ್ಟೆ ಚಾಚಿದರು. ಅದಕ್ಕೇ ಇದನ್ನು ಬರೆದು, ಊರೆಲ್ಲ ಓದುವ ಹಾಗೆ, ಮತ್ತೆ ಕೇಳುತ್ತಿದ್ದೇನೆ:

ಮಾವ, ಆ ಎರಡು ವರ್ಸದಲ್ಲಿ ಅವ್ಳನ್ನ ಒಂದ್ಸಲವಾದ್ರೂ ‘ನೋಯ್ತದಾ ಮಗ’ ಅಂತ ಕೇಳಿದ್ರಾ?